ಮೊಳಕೆ ಕಟ್ಟೋಣ, ಆದ್ರೆ ಬೇಯಿಸಿ ತಿನ್ನೋಣ

ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡೋದು ನನಗೆ ಬರಲ್ಲ, ಅದಕ್ಕೆ ಮೊದಲೇ ಹೇಳಿಬಿಡ್ತೀನಿ. ಮೊಳಕೆಕಾಳು ಮನೇಲೇ ಕಟ್ಟಬೇಕು, ವಾರಕ್ಕೆ ಎರಡು ಸಲನಾದ್ರೂ ತಿನ್ನಬೇಕು. ಆದ್ರೆ ಬಸುರಿ ಹೆಂಗಸರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದೋರಿಗೆ, ಕಾಯಿಲೆಯಿಂದ ಈಗ ತಾನೇ ಎದ್ದೋರಿಗೆ ಅದನ್ನ ಹಸಿಯಾಗಿ ಕೊಡಬಾರದು. ಬೇಯಿಸಿಯೇ ಕೊಡಬೇಕು.

ಈ ಮಾತು ಈಗ ಯಾಕೆ ಬಂತು ಅಂದ್ರೆ, ಅರಕಲಗೂಡಿಗೆ ಕೊಟ್ಟಿರೋ ನಮ್ಮ ತಂಗಿ ಮಗಳು ಐದು ತಿಂಗಳ ಬಸುರಿ. ರಕ್ತ ಕಮ್ಮಿ ಇದೆ ಅಂತ ಡಾಕ್ಟ್ರು ಹೇಳಿದಾರೆ. ಇವಳು ಮೊಬೈಲಲ್ಲಿ ಯಾವುದೋ ವಿಡಿಯೋ ನೋಡಿ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಬಟ್ಟಲು ಹಸಿ ಹೆಸರುಕಾಳು ಮೊಳಕೆ ತಿನ್ನೋಕೆ ಶುರು ಮಾಡಿದಾಳೆ. ಅವಳತ್ತೆ "ಬೇಯ್ಸ್ಕಂಡು ತಿನ್ನು ಕಣವ್ವ" ಅಂದ್ರೆ, "ಬೇಯಿಸಿದ್ರೆ ಸತ್ವ ಎಲ್ಲಾ ಹೊರಟೋಗ್ತದೆ ಅತ್ತೆ" ಅಂತಾಳಂತೆ. ಇಬ್ಬರೂ ಬೇರೆ ಬೇರೆ ಫೋನ್ ಮಾಡಿ ನನ್ನ ಹತ್ರ ನ್ಯಾಯ ಕೇಳಿದ್ರು. ಹುಡುಗಿ ಡಿಗ್ರಿ ಓದಿದೋಳು, ಅವಳತ್ತೆ ನಾಲ್ಕನೇ ಕ್ಲಾಸು. ಈ ವಿಷಯದಲ್ಲಿ ನಾನು ಅತ್ತೆ ಕಡೆ. ಅತ್ತೆ ಹೇಳಿದ್ದು ಸರಿ, ಆದ್ರೆ ಯಾಕೆ ಸರಿ ಅಂತ ಅವರಿಗೆ ಬಿಡಿಸಿ ಹೇಳೋಕೆ ಬರ್ಲಿಲ್ಲ, ಅಷ್ಟೇ. ಆ "ಯಾಕೆ" ಬರೀಬೇಕು ಅಂತ ಕೂತೆ. ಜೊತೆಗೆ ಹೊಸದಾಗಿ ಸಂಸಾರ ಹೂಡಿರೋ ಹೆಣ್ಣುಮಕ್ಕಳು "ಮೊಳಕೆ ಕಟ್ಟೋದು ಹೆಂಗೆ ಆಂಟಿ, ನಾವು ಕಟ್ಟಿದ್ರೆ ನಾತ ಬರ್ತದೆ" ಅಂತ ಕೇಳ್ತಾನೇ ಇರ್ತಾರೆ. ಅದನ್ನೂ ಇಲ್ಲೇ ಹೇಳ್ತೀನಿ.

ನಮ್ಮ ಕಡೆ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿಗಾದ್ರೂ ಹೋಗಿ, ಮೊಳಕೆ ಅಂದ್ರೆ ಮೊದಲು ನೆನಪಾಗೋದು ಹುರುಳಿಕಾಳು. ಆಮೇಲೆ ತಡಗಣಿ, ಕಡಲೆ, ಹೆಸರು. ಮುದ್ದೆ ಜೊತೆ ಮೊಳಕೆ ಹುರುಳಿ ಸಾರು, ಇಲ್ಲಾ ಬಸ್ಸಾರು, ಪಲ್ಯ. ಇದರಲ್ಲಿ ಯಾವುದಾದ್ರೂ ಹಸಿ ಇದೆಯಾ? ಹೆಸರುಬೇಳೆ ನೆನೆಸಿ ಕೋಸಂಬರಿ ಮಾಡ್ತೀವಿ, ಅದು ಒಂದೆರಡು ಗಂಟೆ ನೆನೆಸಿದ್ದು, ಆಗಲೇ ಕಲಸಿ ಆಗಲೇ ತಿನ್ನೋದು, ಬೆಚ್ಚಗೆ ಎರಡು ದಿನ ಕಟ್ಟಿಟ್ಟಿದ್ದಲ್ಲ. ಮೊಳಕೆ ಕಟ್ಟಿದ ಕಾಳು ಮಾತ್ರ ಒಲೆ ಹತ್ತದೆ ಎಲೆಗೆ ಬಂದಿದ್ದು ನಾನು ನಮ್ಮಜ್ಜಿ ಕಾಲದಲ್ಲಿ ನೋಡಿಲ್ಲ.

ಯಾಕೆ ಅಂತ ತಿಳ್ಕೋಬೇಕಾದ್ರೆ ಹುರುಳಿ ಎಲ್ಲಿಂದ ಬರ್ತದೆ ನೋಡಿ. ರಾಗಿ ಮುಂಗಾರಿನ ಬೆಳೆ, ಹುರುಳಿ ಹಿಂಗಾರಿಗೆ ಚೆಲ್ಲೋದು. ಕಾಯಿ ಒಣಗಿದ ಮೇಲೆ ಬೆಳಗಿನ ಜಾವ ಇಬ್ಬನಿ ಇರೋವಾಗಲೇ ಗಿಡ ಕೀಳ್ತಾರೆ, ಬಿಸಿಲೇರಿದ್ರೆ ಕಾಯಿ ಸಿಡಿದು ಕಾಳು ನೆಲಕ್ಕೆ ಉದುರ್ತದೆ. ಆಮೇಲೆ ಕಣ. ಈಗ ಕಣ ಮಾಡೋರು ಯಾರು? ಚನ್ನರಾಯಪಟ್ಟಣದ ಕಡೆ ಹೋಗೋವಾಗ ನೋಡಿರ್ತೀರಿ, ಟಾರ್ ರಸ್ತೆ ಉದ್ದಕ್ಕೂ ಹುರುಳಿ ಹರಡಿರ್ತಾರೆ. ಬಸ್ಸು, ಲಾರಿ, ಬೈಕು ಎಲ್ಲಾ ಅದರ ಮೇಲೇ ಹೋಗ್ತವೆ. ಟೈರಿನ ಧೂಳು, ಎಣ್ಣೆ, ದನದ ಸಗಣಿ, ನಾಯಿ ಓಡಾಡಿದ್ದು ಎಲ್ಲಾ ಸೇರಿದ ಕಾಳು ಅದು. ರೈತರನ್ನ ಬೈಯೋಕೆ ಹೇಳ್ತಿಲ್ಲ, ಆಳು ಸಿಗಲ್ಲ, ಇನ್ನೇನು ಮಾಡ್ತಾರೆ. ರಸ್ತೆ ಬೇಡ, ಮಣ್ಣಿನ ಕಣದಲ್ಲೇ ಬಡಿದ್ರೂ ನೆಲ ಸಾರಿಸೋದು ಸಗಣೀಲೇ ತಾನೇ. ಕಾಳು ಅಂದ್ರೆ ಮಣ್ಣಿನ ಜೊತೆ ಬಂದಿದ್ದು. ಬೇಯಿಸಿದ್ರೆ ಯಾವ ಭಯಾನೂ ಇಲ್ಲ. ಹಸಿ ತಿನ್ನೋವಾಗ ಯೋಚನೆ ಮಾಡಬೇಕು.

"ಚೆನ್ನಾಗಿ ತೊಳ್ದಿದ್ದೀನಿ ದೊಡ್ಡಮ್ಮ" ಅಂದ್ಲು ಹುಡುಗಿ. ತೊಳೆದ್ರೆ ಮೇಲಿನ ಕೊಳೆ ಹೋಗ್ತದೆ. ಕಾಳಿನ ಸಿಪ್ಪೆ ಸಂದೀಲಿ, ಸೀಳಿದ ಕಡೆ ಕೂತಿರೋ ಕ್ರಿಮಿ ಪೂರ್ತಿ ಹೋಗಲ್ಲ. ಅದೂ ಅಲ್ಲದೆ ಮೊಳಕೆ ಬರೋಕೆ ಏನು ಬೇಕು? ತೇವ ಬೇಕು, ಬೆಚ್ಚಗಿರಬೇಕು, ಒಂದೆರಡು ದಿನ ಹಂಗೇ ಬಿಡಬೇಕು. ಕ್ರಿಮಿ ಬೆಳೆಯೋಕೂ ಬೇಕಾಗಿರೋದು ಅದೇ ಮೂರು. ನಾವು ಕಾಳಿಗೆ ಹಾಸಿದ ಹಾಸಿಗೇಲಿ ಅದೂ ಮಲಗಿ ಎದ್ದೇಳ್ತದೆ. ಒಂದಿದ್ದದ್ದು ಲಕ್ಷ ಆಗೋಕೆ ಒಂದು ರಾತ್ರಿ ಸಾಕು. ಮನೇಲಿ ಮಾಡಿದ್ದಾದ್ರೂ ಅಷ್ಟೇ, ಅಂಗಡೀಲಿ ಪ್ಯಾಕೆಟ್ಟಲ್ಲಿ ತಂದಿದ್ದಾದ್ರೂ ಅಷ್ಟೇ.

ಇದು ನನ್ನ ಕಲ್ಪನೆ ಅಂದ್ಕೋಬೇಡಿ. 2011ರಲ್ಲಿ ಜರ್ಮನಿ ದೇಶದಲ್ಲಿ ಮೇ ತಿಂಗಳಲ್ಲಿ ಜನ ಇದ್ದಕ್ಕಿದ್ದಂಗೆ ರಕ್ತಭೇದಿ ಹತ್ತಿ ಆಸ್ಪತ್ರೆ ಸೇರಿದ್ರು. ತುಂಬಾ ಜನಕ್ಕೆ ಕಿಡ್ನಿ ಕೈಕೊಡ್ತು. ಮೊದಲು ಸ್ಪೇನ್ ದೇಶದಿಂದ ಬಂದ ಸೌತೇಕಾಯಿ ಮೇಲೆ ಅನುಮಾನ ಪಟ್ಟರು, ಪಾಪ ಅಲ್ಲಿನ ರೈತರು ಬೆಳೆ ಎಲ್ಲಾ ಎಸೆಯೋ ಹಂಗಾಯ್ತು. ಕೊನೆಗೆ ಹುಡುಕ್ತಾ ಹೋದ್ರೆ ಸಿಕ್ಕಿದ್ದು ಒಂದು ತೋಟದಲ್ಲಿ ಬೆಳೆಸಿದ ಮೊಳಕೆಕಾಳು, ಅದರಲ್ಲೂ ಈಜಿಪ್ಟಿನಿಂದ ತರಿಸಿದ ಮೆಂತ್ಯದ ಕಡೆಗೆ ಬೊಟ್ಟು ಹೋಯ್ತು. ಇ-ಕೋಲೈ ಅನ್ನೋ ಕ್ರಿಮಿ. ಹತ್ತಿರ ಹತ್ತಿರ 4,000 ಜನ ಕಾಯಿಲೆ ಬಿದ್ದು, 50ಕ್ಕೂ ಹೆಚ್ಚು ಜನ ತೀರಿಹೋದ್ರು. ಅವರೇನು ಚರಂಡಿ ಪಕ್ಕ ತಿಂದೋರಲ್ಲ. ಒಳ್ಳೊಳ್ಳೆ ಹೋಟ್ಲಲ್ಲಿ ಸಲಾಡ್ ಅಂತ, ಆರೋಗ್ಯಕ್ಕೆ ಒಳ್ಳೇದು ಅಂತ ತಿಂದೋರು. ನಮ್ಮ ಮೆಂತ್ಯದ ಕಾಳೇ ಅದು, ಬೇರೆ ಏನೋ ಅಲ್ಲ. ಅಮೆರಿಕದ ಆಹಾರ ಇಲಾಖೆ ಎಫ್‌ಡಿಎನೂ ಬಸುರಿಯರು, ಮಕ್ಕಳು, ವಯಸ್ಸಾದೋರು ಹಸಿ ಮೊಳಕೆ ತಿನ್ನಬೇಡಿ ಅಂತಲೇ ಹೇಳೋದು. ಅಲ್ಲಿಂದ ಬಂದ ವಿಡಿಯೋ ನೋಡಿ ಇಲ್ಲಿ ತಿಂತೀವಿ, ಅಲ್ಲೇ ಹೇಳಿದ ಎಚ್ಚರಿಕೆ ಮಾತ್ರ ಯಾರೂ ವಿಡಿಯೋ ಮಾಡಿ ಹಾಕಲ್ಲ.

ಸತ್ವ ಹೋಗ್ತದೆ ಅನ್ನೋ ಮಾತಿಗೆ ಬರೋಣ. ಅದರಲ್ಲಿ ಸ್ವಲ್ಪ ನಿಜ ಇದೆ, ಸುಳ್ಳು ಅನ್ನಲ್ಲ. ಒಣಕಾಳಲ್ಲಿ ಸಿ ವಿಟಮಿನ್ ಅನ್ನೋದು ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ, ಮೊಳಕೆ ಬಂದಾಗ ಹುಟ್ಟಿಕೊಳ್ತದೆ. ಬೇಯಿಸಿದ್ರೆ ಅದರಲ್ಲಿ ಒಂದು ಪಾಲು ಹೋಗ್ತದೆ. ಸರಿ, ಹೋಗ್ಲಿ. ಒಲೆ ಆರಿಸಿದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿದ್ರೆ ಹೋದದ್ದು ವಾಪಸ್ ಬಂತು. ಪಕ್ಕಕ್ಕೆ ಒಂದು ಸೀಬೆಹಣ್ಣೋ ನೆಲ್ಲಿಕಾಯೋ ಇಟ್ಕೊಂಡ್ರೆ ಇನ್ನೂ ಜಾಸ್ತಿನೇ ಆಯ್ತು. ಆದ್ರೆ ಕಾಳಲ್ಲಿರೋ ಪ್ರೋಟೀನು, ಕಬ್ಬಿಣ ಬೇಯಿಸಿದ್ರೆ ಎಲ್ಲಿಗೂ ಓಡಿಹೋಗಲ್ಲ. ಹುರುಳೀಲಿ 100 ಗ್ರಾಂಗೆ ಹತ್ತಿರ 22 ಗ್ರಾಂ ಪ್ರೋಟೀನ್ ಇದೆ, ಹೆಸರುಕಾಳಲ್ಲೂ ಹೆಚ್ಚುಕಮ್ಮಿ ಅಷ್ಟೇ. ಬೆಂದ ನೀರನ್ನ ಚೆಲ್ಲಿದ್ರೆ ತಾನೇ ನಷ್ಟ? ನಾವೆಲ್ಲಿ ಚೆಲ್ತೀವಿ, ಆ ಕಟ್ಟಿನಲ್ಲೇ ಸಾರು ಮಾಡೋದು.

ಮೊಳಕೆ ಕಟ್ಟೋದರಿಂದ ಬರೋ ದೊಡ್ಡ ಲಾಭ ಬೇರೆ ಇದೆ, ಅದು ಬೇಯಿಸಿದ್ರೂ ಉಳೀತದೆ. ಕಾಳಿನೊಳಗೆ ಫೈಟೇಟ್ ಅಂತ ಒಂದು ಇರ್ತದೆ. ಅದು ಕಬ್ಬಿಣಾಂಶವನ್ನ ಹಿಡಿದಿಟ್ಕೊಂಡು ನಮ್ಮ ಮೈಗೆ ಹತ್ತದಂಗೆ ಮಾಡ್ತದೆ. ನೆನೆಸಿ ಮೊಳಕೆ ಕಟ್ಟಿದಾಗ ಅದು ಕಮ್ಮಿ ಆಗ್ತದೆ, ಕಬ್ಬಿಣ ಬಿಡುಗಡೆ ಆಗ್ತದೆ. ಹೊಟ್ಟೇಲಿ ವಾಯು ಎಬ್ಬಿಸೋ ಅಂಶಾನೂ ಕಮ್ಮಿ ಆಗ್ತದೆ. ಹಸಿಕಾಳಲ್ಲಿ ಪ್ರೋಟೀನು ಅರಗೋಕೆ ಅಡ್ಡ ಬರೋ ಇನ್ನೊಂದು ಅಂಶ ಇದೆ, ಅದು ಮೊಳಕೆ ಕಟ್ಟಿದ್ರೂ ಪೂರ್ತಿ ಹೋಗಲ್ಲ, ಬೆಂಕಿಗೇ ಹೋಗೋದು. ಅಂದ್ರೆ ಹಸಿ ತಿಂದು ಸತ್ವ ಉಳಿಸ್ಕೊಂಡೆ ಅನ್ನೋಳು, ಬೇಯಿಸಿದ್ರೆ ಮೈಗೆ ಹತ್ತೋದನ್ನ ಬಿಟ್ಟಂಗಾಯ್ತು.

ರಕ್ತ ಕಮ್ಮಿ ಅನ್ನೋದು ಅವಳೊಬ್ಬಳ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಹತ್ತಿರ 48 ಜನಕ್ಕೆ ರಕ್ತಹೀನತೆ ಇದೆ. ಅಂದ್ರೆ ಪಂಕ್ತೀಲಿ ಕೂತ ಇಬ್ಬರಲ್ಲಿ ಒಬ್ಬರು. ನಾವು ಮನೆಯೋರಿಗೆಲ್ಲ ಬಡಿಸಿ ಕೊನೆಗೆ ಸಾರಿನ ತಳದಲ್ಲಿರೋ ನೀರು ಕಲಸ್ಕೊಂಡು ಉಣ್ಣೋರು, ಕಾಳೆಲ್ಲಾ ಗಂಡಸರ ತಟ್ಟೆಗೆ ಹೋಗಿರ್ತದೆ. ಅದು ಬೇರೆ ದಿನ ಬರೀತೀನಿ. ಈಗ ಒಂದೇ ಮಾತು. ಊಟ ಆದ ತಕ್ಷಣ ಲೋಟ ತುಂಬ ಕಾಫಿ ಕುಡಿಯೋ ಅಭ್ಯಾಸ ನಮ್ಮ ಹಾಸನದೋರಿಗೆ ಬಿಡಲ್ಲ. ಕಾಫಿ, ಟೀ ಎರಡೂ ಊಟದಲ್ಲಿರೋ ಕಬ್ಬಿಣ ಮೈಗೆ ಹತ್ತೋಕೆ ಅಡ್ಡ ಬರ್ತವೆ. ಮೊಳಕೆಕಾಳು ತಿಂದ ಮೇಲೆ ಒಂದು ಗಂಟೆಯಾದ್ರೂ ಕಾಫಿ ಲೋಟ ಮುಟ್ಟಬೇಡಿ. ಇನ್ನು ಡಾಕ್ಟ್ರು ಕೊಟ್ಟ ಕಬ್ಬಿಣದ ಮಾತ್ರೆ ಮಾತ್ರ ಬಿಡಬಾರದು. ಕಾಳು ತಿಂತೀನಲ್ಲ ಅಂತ ಮಾತ್ರೆ ಡಬ್ಬಿ ಅಟ್ಟಕ್ಕೆ ಹಾಕೋದು ಸರಿಯಲ್ಲ. ಕಾಳು ಕಾಳಿನ ಕೆಲಸ ಮಾಡ್ತದೆ, ಮಾತ್ರೆ ಮಾತ್ರೆ ಕೆಲಸ.

ಸರಿ, ಕಟ್ಟೋದು ಹೆಂಗೆ ಅಂತ ನೋಡೋಣ. ಹೊಸಬರು ಹೆಸರುಕಾಳಲ್ಲಿ ಶುರು ಮಾಡಿ. ಬೇಗ ಬರ್ತದೆ, ಮೋಸ ಕಮ್ಮಿ. ಕೈ ಕುದುರಿದ ಮೇಲೆ ಹುರುಳಿ. ನಾಲ್ಕು ಜನಕ್ಕೆ ಅರ್ಧ ಪಾವು ಕಾಳು ಸಾಕು, ಮೊಳಕೆ ಬಂದಾಗ ಎರಡರಷ್ಟಕ್ಕೂ ಜಾಸ್ತಿ ಆಗ್ತದೆ. ಮೊದಲ ಸಲವೇ ಒಂದು ಸೇರು ನೆನೆಹಾಕಿ ಆಮೇಲೆ ಬೀದಿಗೆಲ್ಲ ಹಂಚಬೇಡಿ.

ಅಂಗಡಿ ಕಾಳು ಹಳೇದಾಗಿದ್ರೆ ಅರ್ಧ ಮೊಳೆಯಲ್ಲ. ಮೊಳೆಯದ ಕಾಳು ತೇವದಲ್ಲಿ ಕೊಳೀತದೆ, ನಾತ ಬರೋಕೆ ಮುಖ್ಯ ಕಾರಣ ಅದೇ. ನಮ್ಮಪ್ಪ ಬಿತ್ತನೆಗೆ ಮುಂಚೆ ನೂರು ಕಾಳು ಎಣಿಸಿ ಒದ್ದೆ ಗೋಣಿತಾಟಿನ ತುಂಡಲ್ಲಿ ಸುತ್ತಿಡೋರು, ಎಷ್ಟು ಮೊಳೀತು ಅಂತ ನೋಡಿ ಆಮೇಲೆ ಹೊಲಕ್ಕೆ ಹೋಗೋರು. ನೀವು ನೂರು ಎಣಿಸೋದೇನೂ ಬೇಡ. ಹೊಸದಾಗಿ ತಂದ ಕಾಳಲ್ಲಿ ಇಪ್ಪತ್ತು ತಗೊಂಡು ನೆನೆಸಿ ಒದ್ದೆ ಬಟ್ಟೇಲಿ ಕಟ್ಟಿ ನೋಡಿ. ಹದಿನೆಂಟಾದ್ರೂ ಮೊಳೆತರೆ ಆ ಕಾಳು ಮೊಳಕೆಗೆ ಒಳ್ಳೇದು. ಹತ್ತು ಹನ್ನೆರಡೇ ಮೊಳೆತರೆ ಅದನ್ನ ಹಂಗೇ ಬೇಯಿಸಿ ಸಾರಿಗೆ ಹಾಕಿ ಮುಗಿಸಿ, ಮೊಳಕೆಗೆ ಬೇರೆ ತನ್ನಿ.

ಮೊದಲು ಮೊರದಲ್ಲಿ ಹಾಕಿ ಕೇರಿ, ಹುಳ ತಿಂದದ್ದು, ಒಡೆದದ್ದು, ಮಣ್ಣಿನ ಹೆಂಟೆ ಆರಿಸಿ ತೆಗೀರಿ. ಒಡೆದ ಕಾಳು ಮೊಳೆಯಲ್ಲ, ಕೊಳೀತದೆ. ಹುರುಳೀನ ಮಾತ್ರ ನೀರಲ್ಲಿ ಗಾಳಿಸಲೇಬೇಕು. ಕಲ್ಲು ಕಾಳಿನ ಬಣ್ಣದಲ್ಲೇ ಇರ್ತದೆ, ಮೊರದಲ್ಲಿ ಕಣ್ಣಿಗೆ ಬೀಳಲ್ಲ, ಹಲ್ಲಿಗೇ ಬೀಳೋದು. ಎರಡು ಪಾತ್ರೆ ಇಟ್ಕೊಂಡು ಒಂದರಿಂದ ಒಂದಕ್ಕೆ ನೀರಿನ ಜೊತೆ ಅಲ್ಲಾಡಿಸ್ತಾ ಬಗ್ಗಿಸಿದ್ರೆ ಕಲ್ಲು ತಳದಲ್ಲಿ ನಿಲ್ತದೆ. ನೀರು ತಿಳಿಯಾಗೋ ತನಕ ತೊಳೀರಿ, ನಾಲ್ಕೈದು ಸಲ ಆಗ್ತದೆ. ಆ ನೀರು ಕರಿಬೇವಿನ ಗಿಡಕ್ಕೆ ಹಾಕಿ.

ನೆನೆಸೋಕೆ ಕಾಳಿನ ಮೂರರಷ್ಟು ಕುಡಿಯೋ ನೀರು. ಹೆಸರಿಗೆ ಎಂಟು ಗಂಟೆ ಸಾಕು, ಹುರುಳಿ, ಕಡಲೆಗೆ ಹನ್ನೆರಡು. ರಾತ್ರಿ ಪಾತ್ರೆ ತೊಳೆಯೋವಾಗ ಹಾಕಿದ್ರೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಆಯ್ತು. ಬೆಳಿಗ್ಗೆ ನೀರು ಬಸೀರಿ. ಉಬ್ಬದೆ ಗಟ್ಟಿಯಾಗೇ ಉಳಿದ ಕಲ್ಲುಕಾಳು ಹುರುಳೀಲಿ ನಾಲ್ಕಾರು ಇದ್ದೇ ಇರ್ತವೆ, ಕೈಯಾಡಿಸಿ ತೆಗೀರಿ. ಇನ್ನೊಂದು ಸಲ ತೊಳೆದು, ತೂತಿನ ಪಾತ್ರೇಲಿ ಅರ್ಧ ಗಂಟೆ ಇಟ್ಟು ನೀರು ಪೂರ್ತಿ ಸೋರೋಕೆ ಬಿಡಿ. ಹೊಸಬರು ಎಡವೋದು ಇಲ್ಲೇ. ನೀರು ತೊಟ್ಟಿಕ್ಕುವಾಗಲೇ ಗಂಟು ಕಟ್ಟಿಬಿಡ್ತಾರೆ. ಕಾಳಿಗೆ ತೇವ ಬೇಕು, ನೀರು ಬೇಡ. ನೀರಲ್ಲಿ ಕೂತರೆ ಉಸಿರುಕಟ್ಟಿ ಲೋಳೆ ಲೋಳೆ ಆಗ್ತದೆ.

ಆಮೇಲೆ ಹಳೇ ಬಿಳೀ ಪಂಚೆ ತುಂಡಲ್ಲಿ ಕಟ್ಟಿ. ಆ ಬಟ್ಟೆ ಇದಕ್ಕೇ ಅಂತ ಬೇರೆ ಇರಬೇಕು, ಪ್ರತೀ ಸಲ ಕುದಿಯೋ ನೀರಲ್ಲಿ ಅದ್ದಿ ಬಿಸಿಲಿಗೆ ಒಣಗಿಸಬೇಕು. ಮುಸುರೆ ಒರೆಸೋ ಬಟ್ಟೆ, ಬಣ್ಣ ಬಿಡೋ ಸೀರೆ ತುಂಡು ಬೇಡವೇ ಬೇಡ. ಮೂರಂತಸ್ತಿನ ಪ್ಲಾಸ್ಟಿಕ್ ಡಬ್ಬಿ ಮೊಳಕೆಗೆ ಅಂತಲೇ ಮಾರ್ತಾರೆ. ಕೆಟ್ಟದ್ದು ಅಂತ ನಾನು ಹೇಳಲ್ಲ, ಆದ್ರೆ ಅದರ ತೂತಲ್ಲಿ ಬೇರು ಸಿಕ್ಕಿಕೊಂಡು ಕೊಳೀತದೆ, ಉಜ್ಜೋಕೆ ಬರಲ್ಲ. ಬಟ್ಟೆ ಆದ್ರೆ ಕುದಿಸಬಹುದು. ನನ್ನ ಓಟು ಬಟ್ಟೆಗೆ.

ಗಂಟನ್ನ ಒಂದು ಪಾತ್ರೇಲಿಟ್ಟು ಓರೆಯಾಗಿ ಮುಚ್ಚಿ, ಗಾಳಿ ಆಡಬೇಕು. ಹುರುಳಿಗೆ ಮಾತ್ರ ನಮ್ಮ ಹಳೆಬರು ಗಂಟಿನ ಮೇಲೆ ಭಾರ ಹೇರೋರು, ಒಂದು ಗುಂಡುಕಲ್ಲೋ ಹಿತ್ತಾಳೆ ಚೊಂಬೋ. ಭಾರ ಇದ್ರೆ ಮೊಳಕೆ ಎಳೆ ಎಳೆಯಾಗಿ ಉದ್ದಕ್ಕೆ ಓಡದೆ ದಪ್ಪಗೆ ಬರ್ತದೆ. ಬೆಳಿಗ್ಗೆ ಸಂಜೆ ಗಂಟು ಬಿಚ್ಚಿ ಕಾಳು ತೊಳೆದು ಬಸಿದು ಮತ್ತೆ ಕಟ್ಟಿ. ಬೇಸಿಗೇಲಿ ಮೂರು ಸಲ. ಇದೊಂದು ಕೆಲಸ ತಪ್ಪಿಸಿದ್ರೆ ಮಿಕ್ಕಿದ್ದೆಲ್ಲಾ ಸರಿ ಮಾಡಿದ್ರೂ ಕೆಡ್ತದೆ.

ಎಷ್ಟು ಹೊತ್ತು ಅಂತ ಗಡಿಯಾರ ನೋಡಿ ಹೇಳೋಕಾಗಲ್ಲ, ಊರು ನೋಡಿ ಹೇಳಬೇಕು. ಹಾಸನ ಸಮುದ್ರಮಟ್ಟದಿಂದ 3,000 ಅಡಿಗೂ ಮೇಲಿದೆ, ಮಾರ್ಗಶಿರ, ಪುಷ್ಯದ ಚಳೀಲಿ ಹೆಸರು ಮೊಳೆಯೋಕೇ ಒಂದೂವರೆ ದಿನ ತಗೋತದೆ, ಹುರುಳಿಗೆ ಎರಡು ದಿನದ ಮೇಲೆ. ಆಗ ಗಂಟನ್ನ ಒಲೆ ಪಕ್ಕ ಇಡಿ, ಇಲ್ಲಾ ಕಂಬಳಿ ಸುತ್ತಿ. ಹಿಂದೆ ರಾಗಿ ವಾಡೆಯೊಳಗೋ ಹುಲ್ಲಿನ ಮೆದೆಯೊಳಗೋ ಇಡೋರು. ಅದೇ ಏಪ್ರಿಲ್‌ನಲ್ಲಿ ಚನ್ನರಾಯಪಟ್ಟಣದ ಬಿಸಿಲಿಗೆ ಹೆಸರು ಬೆಳಿಗ್ಗೆ ಕಟ್ಟಿದ್ರೆ ರಾತ್ರಿಗೆ ಬಾಲ ಬಿಟ್ಟಿರ್ತದೆ. ಅರಕಲಗೂಡಿನ ಮಲ್ಲಿಪಟ್ಟಣದ ಕಡೆ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಅಲ್ಲಿ ಬೂಷ್ಟಿನ ಕಾಟ. ಆ ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಕಟ್ಟಿ, ಮೂತಿ ಕಂಡ ತಕ್ಷಣ ಒಲೆಗೆ ಹಾಕಿ. ಕಾಳಿನುದ್ದದ ಬಾಲ ಬಂದ್ರೆ ಸಾಕು, ಅದಕ್ಕಿಂತ ಬಿಟ್ಟರೆ ಹುರುಳಿ ಕಹಿಯಾಗ್ತದೆ.

ಕೆಟ್ಟಿದೆಯೋ ಇಲ್ಲವೋ ಅಂತ ಮೂಗಿಗೆ ಕೇಳಿ. ಒಳ್ಳೇ ಮೊಳಕೆ ಹಸಿ ಹುಲ್ಲಿನ ವಾಸನೆ ಇರ್ತದೆ. ಹುಳಿ ನಾತ, ಲೋಳೆ, ಕಪ್ಪು ಅಥವಾ ಬೂದಿ ಬಣ್ಣದ ಜೇಡರಬಲೆ ಥರ ಕಂಡ್ರೆ ಗೊಬ್ಬರದ ಗುಂಡಿಗೆ. ಬೇಯಿಸಿದ್ರೆ ಸರಿ ಹೋಗ್ತದೆ ಅಂತ ಅದನ್ನ ಬಳಸಬೇಡಿ. ಆದ್ರೆ ಬೇರಿನ ತುದೀಲಿ ಬೆಳ್ಳಗೆ ನವಿರು ಕೂದಲಿನ ಥರ ಕಂಡು, ತೊಳೆದ್ರೆ ಅಂಟ್ಕೊಂಡು ಮಾಯ ಆದ್ರೆ ಅದು ಬೂಷ್ಟಲ್ಲ, ಬೇರಿನ ರೋಮ. ರಾಗೀಲಿ ಇದು ಚೆನ್ನಾಗಿ ಕಾಣ್ತದೆ. ಎಷ್ಟೋ ಜನ ಇದನ್ನ ನೋಡಿ ಹೆದರಿ ಒಳ್ಳೇ ಕಾಳು ಎಸೀತಾರೆ. ಫ್ರಿಜ್ಜಲ್ಲಿ ಎರಡು ದಿನ ಇಡಬಹುದು, ನೀರು ಆರಿಸಿ ಡಬ್ಬೀಲಿ ಹಾಕಿ. ಕರೆಂಟು ಹೋಗಿ ಬಂದು ಮಾಡೋ ಊರಲ್ಲಿ ಅಷ್ಟೂ ನಂಬಬೇಡಿ.

ಎಂಥ ಕಾಳು ಕಟ್ಟಬಾರದು ಅನ್ನೋದು ಅದಕ್ಕಿಂತ ಮುಖ್ಯ, ಹಳ್ಳಿ ಕಡೆಯೋರು ಇದನ್ನ ಗಮನ ಕೊಟ್ಟು ಓದಿ. ಬಿತ್ತನೆಗೆ ಅಂತ ತಂದ ಬೀಜಕ್ಕೆ ಬೂಷ್ಟು ಹಿಡೀದಂಗೆ ಔಷಧಿ ಸವರಿರ್ತಾರೆ, ಗುಲಾಬಿಯೋ ಹಸಿರೋ ಬಣ್ಣ ಇರ್ತದೆ. ಬಿತ್ತಿ ಮಿಕ್ಕಿದ್ದು ಚೀಲದಲ್ಲಿದೆ, ಸುಮ್ಮನೆ ಹಾಳಾಗ್ತದೆ ಅಂತ ತೊಳೆದು ಮೊಳಕೆ ಕಟ್ಟೋದು, ಕೋಳಿಗೆ ಹಾಕೋದು ಎರಡೂ ಮಾಡಬೇಡಿ. ತೊಳೆದ್ರೆ ಬಣ್ಣ ಹೋಗ್ತದೆ, ವಿಷ ಹೋಗ್ತದೆ ಅಂತಲ್ಲ. ಇಲ್ಲಿ ಬೇಯಿಸಿದ್ರೂ ಪ್ರಯೋಜನ ಇಲ್ಲ, ಬೆಂಕಿ ಕ್ರಿಮಿ ಕೊಲ್ತದೆ, ಔಷಧೀನ ಕೊಲ್ಲಲ್ಲ. ಹಂಗೇ ಹುಳ ಬೀಳದಂಗೆ ಡ್ರಮ್ಮೊಳಗೆ ಮಾತ್ರೆ ಇಡೋ ಮನೆಗಳಿವೆ. ಅದರಿಂದ ಬರೋ ಗಾಳಿಯೇ ವಿಷ, ಮನೆಯೊಳಗೆ ಮಲಗೋ ಕೋಣೇಲಿ ಇಟ್ಟರೆ ಜೀವಕ್ಕೇ ಕುತ್ತು. ತಿನ್ನೋ ಕಾಳಿಗೆ ನಮ್ಮ ಬೇವಿನ ಸೊಪ್ಪು, ಬೂದಿ, ವರ್ಷಕ್ಕೆರಡು ಸಲ ಬಿಸಿಲು ಸಾಕು.

ರಾಜ್ಮಾ ಅನ್ನೋ ಕೆಂಪು ಹುರುಳಿಕಾಯಿ ಬೀಜ ಕೂಡ ಹಸಿ ಮೊಳಕೆಗೆ ಆಗಲ್ಲ. ಅದರಲ್ಲಿರೋ ಅಂಶಕ್ಕೆ ನಾಲ್ಕೈದು ಹಸಿಕಾಳು ತಿಂದ್ರೂ ವಾಂತಿ ಬರಬಹುದು. ಒಣ ಅವರೆಕಾಳನ್ನೂ ಮೊಳಕೆ ಕಟ್ಟಿದ್ರೆ ಚೆನ್ನಾಗಿ ಬೇಯಿಸಿ ಹಿಸುಕಿದ್ರೆ ಮೆತ್ತಗಾಗೋ ತನಕ ಬಿಡಬೇಡಿ. ಇನ್ನು ಮೊಳಕೆ ಅಂದ್ರೆಲ್ಲಾ ಒಳ್ಳೇದು ಅನ್ನೋರಿಗೆ ನಮ್ಮ ಹಾಸನದ ಆಲೂಗಡ್ಡೆ ತೋರಿಸಬೇಕು. ಜಲಂಧರದಿಂದ ಬಂದ ಬಿತ್ತನೆ ಗಡ್ಡೆ ಮೊಳಕೆ ಬಿಟ್ರೆ ಹೊಲಕ್ಕೆ ಚೆಂದ, ಅಡಿಗೆಮನೆ ಬುಟ್ಟೀಲಿ ಬಿಟ್ರೆ ಅದು ವಿಷದ ಕಡೆಗೆ ತಿರುಗಿದೆ ಅಂತ ಅರ್ಥ. ಹಸಿರಾದ, ಮೊಳಕೆ ಬಂದು ಮೆತ್ತಗಾದ ಆಲೂಗಡ್ಡೆ ಎಸೀರಿ.

ರಾಗಿ ಮೊಳಕೆ ಬಗ್ಗೆ ಎರಡು ಮಾತು ಹೇಳದೆ ಬಿಟ್ಟರೆ ಬಾಣಂತಿ ಮನೆಯೋರು ಕೋಪಿಸ್ಕೋತಾರೆ. ರಾಗೀಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರಲ್ಲ. ರಾಗಿ ನೆನೆಸಿ, ಒಂದೂವರೆ ದಿನ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಸಣ್ಣ ಉರೀಲಿ ಹುರಿದು ಬೀಸಿ ಜರಡಿ ಹಿಡಿದ್ರೆ ಮಗುವಿನ ಸರಿಹಿಟ್ಟು. ಇದರಲ್ಲೊಂದು ಸೂಕ್ಷ್ಮ ಇದೆ. ಮೊಳಕೆ ಕಟ್ಟಿದ ಹಿಟ್ಟಿನ ಸರಿ ಗಂಜಿ ಥರ ಗಟ್ಟಿಯಾಗಲ್ಲ, ತೆಳ್ಳಗೇ ಇರ್ತದೆ. ಮೊಳೆಯೋವಾಗ ಹುಟ್ಟೋ ಒಂದು ಅಂಶ ಹಿಟ್ಟನ್ನ ಒಡೀತದೆ. ಅದಕ್ಕೇ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡೀತದೆ, ಮಗು ಸಲೀಸಾಗಿ ನುಂಗ್ತದೆ, ಹೊಟ್ಟೆ ತುಂಬ್ತದೆ. ಆರು ತಿಂಗಳು ತುಂಬಿದ ಮೇಲೆ ಮಾತ್ರ ಕೊಡಿ, ಚೆನ್ನಾಗಿ ಕುದಿಸಿ ಕೊಡಿ. ಇಲ್ಲೂ ನೋಡಿ, ಮೊಳಕೆ ಕಟ್ಟಿದೋರು ಹುರಿದು, ಮತ್ತೆ ಕುದಿಸಿಯೇ ಮಗುವಿನ ಬಾಯಿಗೆ ಇಟ್ಟಿದ್ದು. ಎರಡೆರಡು ಸಲ ಬೆಂಕಿ ತೋರಿಸಿದಾರೆ.

ಹುರುಳಿ ಅಂದ್ರೆ ಮೂಗು ಮುರಿಯೋರು ನಮ್ಮಲ್ಲೂ ಇದ್ದಾರೆ. ಇಂಗ್ಲಿಷಿನೋರು ಅದಕ್ಕೆ ಹಾರ್ಸ್ ಗ್ರಾಂ ಅಂತ ಹೆಸರಿಟ್ರು, ಕುದುರೆ ಕಾಳು. ನಾವೂ ಎತ್ತಿಗೆ ಬೇಯಿಸಿ ಹಾಕ್ತಿದ್ದೆವು, ನಿಜ. ಉಳೋ ಎತ್ತಿಗೆ ಶಕ್ತಿ ಬರಲಿ ಅಂತ ಹಾಕೋ ಕಾಳು ದುಡಿಯೋ ಹೆಣ್ಣುಮಗಳಿಗೆ ಬೇಡವಾ? ಬಳ್ಳಾರಿ ಹತ್ತಿರ ಸಂಗನಕಲ್ಲು ಗುಡ್ಡದಲ್ಲಿ ಅಗೆದಾಗ ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಹುರುಳಿ, ಹೆಸರು ಸಿಕ್ಕಿವೆ. ಕೀನೋವಾ, ಓಟ್ಸು ನಿನ್ನೆ ಮೊನ್ನೆ ಬಂದವು. ಹುರುಳಿ ಉಷ್ಣ ಅಂತ ಬಸುರಿಯರಿಗೆ ಹಿರಿಯರು ಕೊಡಲ್ಲ. ಆ ಮಾತಿಗೆ ನಾನು ಎದುರಾಡಲ್ಲ, ಅವರವರ ಮೈಗೆ ಒಗ್ಗಿದ್ದು ಅವರಿಗೆ. ಹೆಸರು ಮೊಳಕೆ ಬೇಯಿಸಿ ಕೊಟ್ಟರೆ ಯಾರ ತಕರಾರೂ ಇಲ್ಲವಲ್ಲ. ಕಿಡ್ನಿ ತೊಂದರೆ ಇರೋರು ಮಾತ್ರ ಯಾವ ಕಾಳು ಎಷ್ಟು ಅಂತ ತಮ್ಮ ಡಾಕ್ಟ್ರನ್ನೇ ಕೇಳಬೇಕು. ಹುರುಳಿ ಕಟ್ಟು ಕುಡಿದ್ರೆ ಕಲ್ಲು ಕರಗ್ತದೆ ಅಂತ ಆಸ್ಪತ್ರೆಗೆ ಹೋಗದೆ ಕೂರೋದು ಬೇಡ.

"ಹಂಗಾದ್ರೆ ನೀವು ಯಾರೂ ಹಸಿ ತಿನ್ನಲೇಬಾರದು ಅಂತೀರಾ?" ಅಂತ ಪಕ್ಕದ ಮನೆ ಹುಡುಗಿ ಕೇಳಿದ್ಲು. ಗಟ್ಟಿಮುಟ್ಟಾದ ಹರೇದೋರು ತಿಂದ್ರೆ ಅವರಿಷ್ಟ. ನಾನಂತೂ ಮಾಡಿಕೊಡಲ್ಲ. ಸಲಾಡ್ ಥರಾನೇ ಬೇಕು ಅನ್ನೋರಿಗೆ ಒಂದು ದಾರಿ ಇದೆ. ನೀರು ತಳತಳ ಕುದಿಯೋವಾಗ ಹೆಸರು ಮೊಳಕೆ ಹಾಕಿ, ಮತ್ತೆ ಕುದಿ ಬಂದ ಮೇಲೆ ಐದು ನಿಮಿಷ ಬಿಟ್ಟು ಬಸೀರಿ. ಕಚಕಚ ಅನ್ನೋದು ಸ್ವಲ್ಪ ಉಳಿದಿರ್ತದೆ. ಈರುಳ್ಳಿ, ಸೌತೇಕಾಯಿ, ಕಾಯಿತುರಿ, ನಿಂಬೆರಸ, ಸಾಸಿವೆ ಒಗ್ಗರಣೆ. ಹಸೀದಕ್ಕಿಂತ ರುಚಿ. ಬಸುರಿ ಹುಡುಗಿಗೂ ಇದನ್ನೇ ಮಾಡಿಕೊಡು ಅಂತ ಅವಳತ್ತೆಗೆ ಹೇಳಿದೀನಿ, ಹತ್ತು ನಿಮಿಷ ಬೇಯಿಸಿ.

ಹುರುಳಿ ಸಾರಿಗೆ ಬಂದ್ರೆ, ಒಣ ಹುರುಳಿಗೆ ಕುಕ್ಕರಲ್ಲಿ ಐದಾರು ಸೀಟಿ ಬೇಕು, ಮೊಳಕೆಗೆ ಎರಡು ಸಾಕು. ಗ್ಯಾಸೂ ಉಳೀತು. ಹುಣಸೇಹುಳಿ ಮಾತ್ರ ಕಾಳು ಬೆಂದ ಮೇಲೆ ಹಾಕಿ, ಮೊದಲೇ ಹಾಕಿದ್ರೆ ಕಾಳು ಬಿರುಸಾಗ್ತದೆ. ಈರುಳ್ಳಿ, ಬೆಳ್ಳುಳ್ಳಿ ಎಣ್ಣೇಲಿ ಕೆಂಪಗೆ ಹುರಿದು, ಧನಿಯ, ಒಣಮೆಣಸಿನಕಾಯಿ, ಜೀರಿಗೆ, ಚೂರು ಚಕ್ಕೆ, ಕಾಯಿ ಸೇರಿಸಿ ರುಬ್ಬಿ. ರುಬ್ಬೋವಾಗ ಒಂದು ಸೌಟು ಬೆಂದ ಕಾಳನ್ನೂ ಹಾಕಿದ್ರೆ ಸಾರು ಮಂದ ಬರ್ತದೆ. ಎರಡು ಆಲೂಗಡ್ಡೆ, ಒಂದು ಬದನೇಕಾಯಿ ಹೋಳು ಮಾಡಿ ಹಾಕಿ, ಖಾರ ಸೇರಿಸಿ ಹಸಿವಾಸನೆ ಹೋಗೋ ತನಕ ಕುದಿಸಿ. ರಾತ್ರಿ ಮಿಕ್ಕಿದ್ದನ್ನ ಬಿಸಿ ಮಾಡಿ ಮುಚ್ಚಿ, ಆರಿದ ಮೇಲೆ ಫ್ರಿಜ್ಜಲ್ಲಿಡಿ. ಮಾರನೇ ಬೆಳಿಗ್ಗೆ ಮತ್ತೆ ಕುದಿಸಿ ದೋಸೆಗೆ ಹಾಕ್ಕೊಳ್ಳಿ. ನಮ್ಮ ಮನೇಲಿ ಆ ಹಳೇ ಸಾರಿಗೇ ಜಗಳ, ಅದಕ್ಕೆ ನಾನು ಮೊದಲೇ ಒಂದು ಬಟ್ಟಲು ತೆಗೆದು ಬಚ್ಚಿಟ್ಟಿರ್ತೀನಿ.